ತಾವು ಎದ್ದು ಹೋದ ಕಟ್ಟೆ, ಹಾಡದೆ ಉಳಿದ ಮಂಗಳ

ಹಳೆಯ ಕಟ್ಟಡಗಳಲ್ಲಿ ಮೇಣಬತ್ತಿ ಬೆಳಕಿನ ಸಂಗೀತ ಸಂಜೆಗಳನ್ನು ನಡೆಸುವ ಸಮಿತಿಯ ಅಧ್ಯಕ್ಷರಿಗೆ, ಊರೆಲ್ಲ ಓದಲೆಂದು ಪತ್ರಿಕೆಯ ಮೂಲಕ

ಮಾನ್ಯರೇ,

ಕಳೆದ ತಿಂಗಳು ಹಳೆ ಬಾಗಲಕೋಟೆಯ ಹೊಳೆದಂಡೆಯ ಚಾವಡಿಯಲ್ಲಿ ತಾವು ಶಾಲು ಹೊದ್ದು, ತಲೆಗೆ ಪೇಟ ಸುತ್ತಿಸಿಕೊಂಡು, ಕೊರಳಿಗೆ ಹಾರ ಹಾಕಿಸಿಕೊಂಡು, ಲೋಡಿಗೆ ಒರಗಿ, ಕಣ್ಣು ಮುಚ್ಚಿ ಪಿಟೀಲು ಕೇಳಿದಿರಲ್ಲ, ಆ ಕಲ್ಲಿನ ಕಟ್ಟೆ ಅಧ್ಯಕ್ಷರ ಆಸನವಲ್ಲ. ಅದು ನಮ್ಮ ಓಣಿಯವರು ಹೆಣ ಕೂಡಿಸುತ್ತಿದ್ದ ಕಟ್ಟೆ. ಅಲ್ಲಿ ಕುಳಿತವರು ತಾವಾಗಿ ಎದ್ದು ಹೋದದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ತಾವು ಎದ್ದಿರಿ. ಎದ್ದು, ಎಲ್ಲರಿಗೂ ಕೈಮುಗಿದು, ಫೋಟೊ ತೆಗೆಸಿಕೊಂಡು, ಕಾರು ಹತ್ತಿದಿರಿ. ಅಂದಿನಿಂದ ನನ್ನ ಅಕ್ಕ ಸಾವಿಗೆ ತಯಾರಾಗಿ ಕುಳಿತಿದ್ದಾಳೆ. ಇದು ನನ್ನ ತಕರಾರು.

ಇದನ್ನು ಹೇಳಲು ನಾನು ಯಾರು ಎಂದು ತಾವು ಕೇಳಬಹುದು. ನನ್ನ ಹೆಸರು ಹೊಳಬಸಪ್ಪ. ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಆ ಕಾಲದ ಏಳನೇ ಇಯತ್ತೆ ಈಗಿನ ಎಂ.ಎ.ಗೆ ಸಮ; ಅನುಮಾನವಿದ್ದರೆ ಯಾವ ಎಂ.ಎ.ಯವರನ್ನಾದರೂ ನವನಗರದ ನಮ್ಮ ಮನೆಗೆ ಕಳಿಸಿರಿ, ಮುಕ್ಕಾಲರ ಮಗ್ಗಿ ಕೇಳುತ್ತೇನೆ. ನಮ್ಮ ಭಜನಾ ಮೇಳದಲ್ಲಿ ಮುಂದಿನ ದನಿ ನನ್ನದು. ಹುನಗುಂದ ತಾಲೂಕಿನಲ್ಲಿ ನಾನು ಹಾಡದ ಗುಡಿಯಿಲ್ಲ. ಬಾದಾಮಿಯಲ್ಲಿ ನಾನೊಮ್ಮೆ ದನಿ ಏರಿಸಿದಾಗ ಮಂಗವೊಂದು ಕಸಿದುಕೊಂಡಿದ್ದ ಬಾಳೆಹಣ್ಣನ್ನು ಯಾತ್ರಿಕರಿಗೆ ವಾಪಸು ಕೊಟ್ಟಿತು. ನಗಬೇಡಿರಿ, ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಆದ್ದರಿಂದ ಈ ಮುದುಕನಿಗೆ ಸಂಗೀತ ಬೇಡವಾಗಿದೆ, ಹೊಸದೆಂದರೆ ಹೊಟ್ಟೆಯುರಿ ಎಂದು ತಾವು ತಿಳಿಯಬಾರದು. ಸಂಗೀತ ಬೇಕು. ಸಂಗೀತ ಎಲ್ಲಿ ಶುರುವಾಗುತ್ತದೆ, ಅದನ್ನು ಹೇಗೆ ಮುಗಿಸಬೇಕು ಎಂಬುದೂ ಗೊತ್ತಿರಬೇಕು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಶಾಲು ಹೊದಿಸಿ, ಹಾರ ಹಾಕಿ, ಬದುಕಿದ್ದಾಗ ಸಿಗದ ಮರ್ಯಾದೆಯನ್ನೆಲ್ಲ ಒಮ್ಮೆಗೇ ಕೊಟ್ಟು ಕೂಡಿಸುತ್ತೇವೆ. ಮಣ್ಣು ಕೊಡುವುದೂ ಕುಳಿತ ಹಾಗೆಯೇ. ನಮ್ಮ ಓಣಿಯ ಮನೆಗಳು ಇಕ್ಕಟ್ಟಾಗಿದ್ದವು. ಸತ್ತವರು ಕುಳಿತರೆ ಬದುಕಿದ್ದವರಿಗೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಅದಕ್ಕಾಗಿ ಹಿರಿಯರು ಹೊಳೆದಂಡೆಯ ಚಾವಡಿಯಲ್ಲಿ ಒಂದು ಕಟ್ಟೆ ಹಾಕಿಸಿದ್ದರು. ಹೆಣದ ಮುಂದೆ ದೀಪ, ದೀಪದ ಮುಂದೆ ನಾವು, ಏಕತಾರಿ, ದಮ್ಮಡಿ, ಭಜನೆ. ಮಣ್ಣಿಗೆ ಒಯ್ಯುವ ಹೊತ್ತು ಬಂದಾಗ ಮಂಗಳ ಹಾಡಬೇಕು. ಮಂಗಳ ಎಂದರೆ 'ಹೋಗಿ ಬಾ' ಅಲ್ಲ ಮಾನ್ಯರೇ. 'ಹೋಗು, ಇನ್ನು ಬರಬೇಡ' ಎನ್ನುವ ಮಾತು. ಅಂಥ ಮಾತನ್ನು ಬರಿ ಬಾಯಿಂದ ಹೇಳಲಾಗದು, ಅದಕ್ಕೇ ರಾಗ ಬೇಕು. ಇನ್ನೊಂದು ನೇಮವಿತ್ತು. ಆ ಕಟ್ಟೆಯ ಮೇಲೆ ಕುಳಿತವರ ಮೈಮೇಲಿನ ಒಂದು ಹೂವನ್ನೂ ಯಾರೂ ಒಯ್ಯುವಂತಿಲ್ಲ. ಒಯ್ದರೆ, ಮುಂದಿನ ಸರದಿ ಅವರದು.

ನನ್ನ ಅಕ್ಕ ಗುರುಲಿಂಗವ್ವನ ಮಗ ಶ್ರೀಶೈಲ ಆ ಕಟ್ಟೆಯ ಮೇಲೆ ಕುಳಿತುಕೊಳ್ಳಲೇ ಇಲ್ಲ. ಆಣೆಕಟ್ಟಿನ ಹಿನ್ನೀರು ಏರುತ್ತಿದ್ದ ದಿನಗಳು. ಓಣಿಯವರೆಲ್ಲ ಮನೆ ಬಿಚ್ಚಿ, ಬಾಗಿಲು, ಚೌಕಟ್ಟು, ತೊಲೆ ಹೊತ್ತುಕೊಂಡು ನವನಗರದ ದಾರಿ ಹಿಡಿದಿದ್ದರು. ಅಕ್ಕನ ಮನೆಯ ತಲಬಾಗಿಲು ಸಾಗವಾನಿ. ಅದನ್ನು ಬಿಟ್ಟು ಬರಲು ಶ್ರೀಶೈಲನಿಗೆ ಮನಸ್ಸಾಗಲಿಲ್ಲ. ನೀರು ಮೊಣಕಾಲಿಗೆ ಬಂದ ಮೇಲೆ ಹೋಗಿ ಕಿತ್ತ. ಹೊರುವುದಕ್ಕಿಂತ ತೇಲಿಸುವುದು ಸುಲಭ ಎಂದು ಅದನ್ನೇ ತೆಪ್ಪ ಮಾಡಿಕೊಂಡು ಹೊರಟ. ಬಾಗಿಲು ದಂಡೆಗೆ ಬಂತು, ಹುಡುಗ ಬರಲಿಲ್ಲ. ಎಲ್ಲಿ ಹುಡುಕಿದರೂ ಮೈ ಸಿಗಲಿಲ್ಲ. ಆದರೂ ನಾವು ಚಾವಡಿಯಲ್ಲಿ ಖಾಲಿ ಕಟ್ಟೆಯ ಮುಂದೆ ದೀಪ ಹಚ್ಚಿ ಭಜನೆಗೆ ಕುಳಿತೆವು. ಅಂಗಳಕ್ಕೆ ಆಗಲೇ ನೀರು ಬಂದಿತ್ತು. ಮಂಗಳದ ಹೊತ್ತಿಗೆ ಮೇಳದ ಹಿರಿಯರು ದಮ್ಮಡಿ ಕೆಳಗಿಟ್ಟರು. "ಯಾರ್ನ ಕಳಸೂಣು? ಕಳಸಾಕ ಅಂವ ಮೊದಲ ಬಂದಿರಬೇಕಲ್ಲ," ಎಂದರು. ಭಜನೆ ನಿಂತಿತು, ಮುಗಿಯಲಿಲ್ಲ. ಚಾವಡಿ ಮುಳುಗಿತು.

ಅಂದಿನಿಂದ ಅಕ್ಕ ನವನಗರದಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಹಳೆ ಊರಿನ ಮುಳುಗದ ಭಾಗದಲ್ಲಿ, ಹಿನ್ನೀರು ಕಾಣುವ ಓಣಿಯಲ್ಲಿ, ಮಗಳು ನಾಗರತ್ನಾಳ ಜೊತೆ ಇದ್ದಾಳೆ. ಆ ಮನೆಗೆ ಅದೇ ಸಾಗವಾನಿ ಬಾಗಿಲು. ಅಕ್ಕ ಉಂಡಳು, ಉಟ್ಟಳು, ನಾಗರತ್ನಾಳ ಮಕ್ಕಳನ್ನು ಆಡಿಸಿದಳು, ನನ್ನ ಬಡಾಯಿಗೆ ನಕ್ಕಳು. ಹುಚ್ಚಿಯಂತೂ ಆಗಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದು ಚಾವಡಿಯ ಕಮಾನುಗಳು ಕೆಸರು ಮೆತ್ತಿಕೊಂಡು ಮೇಲೆದ್ದಾಗ ಮಾತ್ರ ಆ ಕಡೆ ಬೆನ್ನು ಮಾಡಿ ಕುಳಿತುಕೊಳ್ಳುತ್ತಿದ್ದಳು. ಅಷ್ಟೇ.

ಹೀಗಿರುವಾಗ ತಮ್ಮ ಸಮಿತಿಗೆ ನಮ್ಮ ಚಾವಡಿ ಕಂಡಿತು. ಬಯಲಿನಲ್ಲಿ ನಿಂತ ಕಮಾನು, ಹಿಂದೆ ನೀರು, ಮೇಲೆ ಸಂಜೆಯ ಕೆಂಪು. ಸಮಿತಿಗೆ ಇನ್ನೇನು ಬೇಕು? 'ಮುಳುಗಿದ ನಗರಿಯಲ್ಲಿ ಮೇಣಬತ್ತಿ ಸಂಜೆ' ಎಂದು ಬ್ಯಾನರು ಬಿತ್ತು. ನಗರಿ ಮುಳುಗಿದ್ದು ಏಕೆ, ಯಾರ ಯಾರ ಮನೆಯ ಮೇಲೆ ನೀರು ನಿಂತಿತು ಎಂದು ಬ್ಯಾನರಿನಲ್ಲಿ ಬರೆಯಲು ಜಾಗ ಸಾಲಲಿಲ್ಲವೇನೋ. ಆ ಕಟ್ಟೆ ಯಾತಕ್ಕೆ ಎಂದು ದಂಡೆಯ ಮೇಲೆ ದನ ಮೇಯಿಸುವವರನ್ನು ಕೇಳಿದ್ದರೂ ಹೇಳುತ್ತಿದ್ದರು. ಕೇಳಲಿಲ್ಲ. ಎತ್ತರವಾಗಿದೆ, ನಡುಮಧ್ಯದಲ್ಲಿದೆ, ಚಿತ್ರ ಚೆನ್ನಾಗಿ ಬರುತ್ತದೆ ಎಂದು ಗಾದಿ ಹಾಸಿ, ಲೋಡು ಇಟ್ಟು, ತಮ್ಮನ್ನು ಅಲ್ಲಿ ಕೂಡಿಸಿದರು. ನಮ್ಮ ಕಡೆಯ ಸಾಂಪ್ರದಾಯಿಕ ಸ್ವಾಗತ ಎಂದು ಹಣೆಗೆ ವಿಭೂತಿಯನ್ನೂ ಎಳೆದರು. ಮಾನ್ಯರೇ, ತಮ್ಮ ಸಮಿತಿಯವರು ಒಂದನ್ನೂ ತಪ್ಪು ಮಾಡಲಿಲ್ಲ. ಹೆಣಕ್ಕೆ ಏನೇನು ಮಾಡಬೇಕೋ ಎಲ್ಲವನ್ನೂ ಕ್ರಮಬದ್ಧವಾಗಿ ಮಾಡಿದರು.

ನನಗೆ ಪಾಸು ಇರಲಿಲ್ಲ. ಪಾಸು ಇಲ್ಲವೆಂದು ಮನೆಯಲ್ಲಿ ಕೂರುವ ಜಾತಿ ನನ್ನದಲ್ಲ. ಜರಿಯ ಶಾಲು ಹೊದ್ದು, ಅಮೀನಗಡದ ಕರದಂಟಿನ ಡಬ್ಬಿ ಹಿಡಿದು, ಬಾಗಿಲಲ್ಲಿ ನಿಂತಿದ್ದ ಹುಡುಗಿಗೆ "ಪಿಟೀಲಿನವರ ಗುರುಗಳ ಗುರು ನಾನ, ಅವ್ರಿಗೆ ಹೇಳಬ್ಯಾಡ್ರಿ, ಅಂಜಿ ಸ್ವರಾ ತಪ್ಪತಾರ," ಎಂದು ಹೇಳಿ ಒಳಗೆ ಹೋಗಿ ಕಂಬಕ್ಕೆ ಆತು ನಿಂತೆ. ಒಪ್ಪಿಕೊಳ್ಳುತ್ತೇನೆ, ಚೆನ್ನಾಗಿ ನುಡಿಸಿದರು. ಗೂಡುಗಳಲ್ಲಿ, ಮೆಟ್ಟಿಲ ಮೇಲೆ, ತಮ್ಮ ಕಟ್ಟೆಯ ಸುತ್ತ ನೂರಾರು ದೀಪ. ಹೊಳೆಯ ಗಾಳಿ ಜೋರಾಗಿ ಬೀಸುತ್ತಿತ್ತು, ಒಂದೂ ಆರಲಿಲ್ಲ. ಬಗ್ಗಿ ನೋಡಿದೆ: ಪ್ಲಾಸ್ಟಿಕ್ಕು, ಒಳಗೆ ಬ್ಯಾಟರಿ. ಮೇಣವಿಲ್ಲದ ಮೇಣಬತ್ತಿ! ನಾನು ನಕ್ಕೆ. ಆಮೇಲೆ ನಗು ನಿಂತಿತು. ಆ ಗಾಳಿಯಲ್ಲಿ ಕೂದಲು ಹಾರುತ್ತಿದೆ, ಸೆರಗು ಹಾರುತ್ತಿದೆ, ದೀಪ ಮಾತ್ರ ಅಲ್ಲಾಡುತ್ತಿಲ್ಲ. ಅವುಗಳ ನಡುವೆ ತಾವು ಅಲ್ಲಾಡದೆ ಕುಳಿತಿದ್ದೀರಿ.

ಅದೇ ಹೊತ್ತಿಗೆ ಬಾಗಿಲ ಕಡೆ ಗದ್ದಲ ಕೇಳಿಸಿತು.

"ಅಜ್ಜಿ, ಪಾಸ್ ತೋರಿಸಿ."

"ಯಾತರ ಪಾಸವ್ವಾ? ನನ್ನ ಮಗನ ಭಜನಿಗೆ ನಾ ಪಾಸ್ ತೊಗೊಂಡ ಬರಬೇಕೇನ? ಸರೀ ಅತ್ತಾಗ."

ಗುರುಲಿಂಗವ್ವ. ಮನೆಯ ಬಾಗಿಲಿನಿಂದ ಚಾವಡಿಯಲ್ಲಿ ದೀಪ ಕಂಡಿದ್ದಾಳೆ, ತಂತಿಯ ನಾದ ಕೇಳಿದ್ದಾಳೆ. ನೀರೇ ಮಗನನ್ನು ತಂದು ಕೂಡಿಸಿದೆ, ಊರವರು ಭಜನೆಗೆ ಸೇರಿದ್ದಾರೆ ಎಂದು ಇಳಕಲ್ ಸೀರೆಯ ಸೆರಗು ತಲೆಗೆ ಎಳೆದುಕೊಂಡು ಕೆಸರಿನಲ್ಲಿ ನಡೆದು ಬಂದಿದ್ದಾಳೆ. ನಾನು ಹಿಡಿಯುವಷ್ಟರಲ್ಲಿ ನಡುದಾರಿಯಲ್ಲಿ ಬಂದು ತಮ್ಮ ಮುಂದೆ ಕುಳಿತಳು. ಶ್ರೀಶೈಲ ಬದುಕಿದ್ದರೆ ಈಗ ಅವನಿಗೆ ತಮ್ಮ ವಯಸ್ಸು. ಅದನ್ನು ನಾನು ಆಮೇಲೆ ಲೆಕ್ಕ ಹಾಕಿದೆ, ಅವಳು ನೋಡಿದ ಕೂಡಲೇ ಹಾಕಿದಳು.

"ಬಂದ್ಯಾ ಯಪ್ಪಾ? ಕೂದಲ ಹಣ್ಣಾಗ್ಯಾವಲ್ಲೋ. ಅಲ್ಲೇ ನೀರಾಗ ಕುಂತ ಮುಪ್ಪಾದ್ಯಾ?"

ಆಮೇಲೆ ತಮ್ಮ ಪಾದ ಮುಟ್ಟಿದಳು. ತಾವು ದಂಡೆಯ ಹಸಿ ನೆಲ ದಾಟಿ ಬಂದವರು. ಬೂಟು ಬಿಚ್ಚಿದ್ದಿರಿ, ಕಾಲುಚೀಲ ಒದ್ದೆಯಾಗಿತ್ತು. "ಕಾಲ ಇನ್ನೂ ಹಸಿ ಅದಾವಲ್ಲೋ ಶ್ರೀಶೈಲಾ," ಎಂದವಳು ಹಾಡಿಕೊಂಡು ಅಳಲು ಶುರುಮಾಡಿದಳು. ಹೊಟ್ಟೆಯೊಳಗಿನಿಂದ ಬರುವ ಆ ಅಳುವಿಗೆ ಪಿಟೀಲಿನವರು ಪಾಪ, ಶ್ರುತಿ ಹಿಡಿದರು. ಜನ ಫೋನು ಎತ್ತಿದರು. ನಿರೂಪಕರು ಮೈಕಿನಲ್ಲಿ "ಇದು ನಮ್ಮ ಮಣ್ಣಿನ ದನಿ" ಎಂದರು. ಚಪ್ಪಾಳೆ ಬಿತ್ತು. ತಾವು ಕಣ್ಣು ತೆರೆದು, ಅವಳನ್ನು ನೋಡಿ, ನಕ್ಕು, ತಮ್ಮ ಕೊರಳಿನ ಹಾರವನ್ನು ತೆಗೆದು ಅವಳ ಕೊರಳಿಗೆ ಹಾಕಿದಿರಿ.

ದೊಡ್ಡ ಮನಸ್ಸು ತಮ್ಮದು. ಕಲಾವಿದೆಗೆ ಗೌರವ ಎಂದುಕೊಂಡಿರಿ. ಅಕ್ಕನ ಅಳು ಅಲ್ಲೇ ನಿಂತಿತು. ನನ್ನ ಕಡೆ ತಿರುಗಿ, ಮದುವೆ ನಿಶ್ಚಯವಾದ ಹುಡುಗಿಯ ಮುಖದಲ್ಲಿ ಇರುವಂಥ ನಾಚಿಕೆಯಿಂದ, "ಕರದಾ ನೋಡ ತಮ್ಮಾ," ಎಂದಳು. ಅಷ್ಟರಲ್ಲಿ ತಾವು ಎದ್ದು ಹೊರಟುಹೋದಿರಿ.

ಈಗ ಆ ಹಾರ ಒಣಗಿ ದಾರವಾಗಿದೆ, ಕೊರಳಿನಿಂದ ತೆಗೆಯುತ್ತಿಲ್ಲ. ಊಟ ಬಿಟ್ಟಿದ್ದಾಳೆ. ಒತ್ತಾಯ ಮಾಡಿದರೆ ಎರಡು ತುತ್ತು ಮಜ್ಜಿಗೆ ಅನ್ನ. ನಾಗರತ್ನಾ ದವಾಖಾನೆಗೆ ಕರೆದುಕೊಂಡು ಹೋದಳು. ನಿದ್ದೆಯ ಗುಳಿಗೆ ಕೊಟ್ಟರು. ಅದನ್ನು ನುಂಗಿ ಹಗಲೆಲ್ಲ ಮಲಗುತ್ತಾಳೆ, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಏಳುತ್ತಾಳೆ. ಏಕೆಂದರೆ ಆ ಹೊತ್ತಿಗೆ ಅಲ್ಲಿಯೂ ದೀಪ ಹತ್ತುತ್ತದೆ. ಹೌದು ಮಾನ್ಯರೇ. ತಮ್ಮವರು ಗಂಟು ಕಟ್ಟಿಕೊಂಡು ಹೋಗುವಾಗ ಮೇಲಿನ ಗೂಡುಗಳಲ್ಲಿ ಕೆಲವು ದೀಪಗಳನ್ನು ಮರೆತು ಹೋದರು. ಅವು ಕತ್ತಲಾದರೆ ತಾವೇ ಹತ್ತಿಕೊಳ್ಳುವ ಜಾತಿಯವು. ಜನರಿಲ್ಲದ ಚಾವಡಿಯಲ್ಲಿ ಸಂಜೆಯಾದರೆ ಒಂದೊಂದಾಗಿ ಬೆಳಕು ಮೂಡುತ್ತದೆ. ಬ್ಯಾಟರಿ ಎಂದು ನನಗೆ ಗೊತ್ತು. ಗೊತ್ತಿದ್ದೂ ಒಂದು ಸಂಜೆ ಅಕ್ಕನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಾಗ ಆ ಬೆಳಕಿಗೆ ಏನೋ ಅಡ್ಡ ಬಂತು, ನಿಂತಿತು, ಸರಿಯಿತು. ನಾಯಿ ಇರಬಹುದು. ನಾಯಿಯೇ ಇರಲಿ. ಅಕ್ಕ ಮಾತ್ರ ನಿರಾಳವಾಗಿ, "ಅತ್ತಿಂದಿತ್ತ ಅಡ್ಡಾಡಾಕ ಹತ್ಯಾನ. ಕಾಯೂದು ಬ್ಯಾಸರ ಆಗೇತಿ ಅವಗ," ಎಂದಳು.

ಅವಳ ಲೆಕ್ಕ ಬಲು ಸರಳ. ಮಗ ಬಂದ, ಕುಳಿತ, ಹಾರ ಕೊಟ್ಟು ಕರೆದ. ಮಂಗಳ ಆಗದ್ದರಿಂದ ಹೋಗಲಾರದೆ ಅಲ್ಲೇ ಉಳಿದಿದ್ದಾನೆ. ನೀರು ಏರಿದಾಗ ಅವನ ಜೊತೆ ತಾನೂ ಹೋಗಬೇಕು. ಹೋದ ವಾರ ಕೆಸರಿಗೆ ಇಳಿದಿದ್ದಳು. ನಾಗರತ್ನಾ ಸೊಂಟ ಹಿಡಿದು ಎಳೆದು ತಂದಳು. "ಮಾಮಾ, ನಾ ಎಷ್ಟ ದಿನಾ ಕಾಯಲಿ? ಹೊಳಿ ಬಂತಂದ್ರ ನನ್ನ ಕೈಲೆ ಆಗೂದಿಲ್ಲ," ಎಂದು ಅತ್ತಳು. ಅವಳೊಬ್ಬಳೇ ಅತ್ತದ್ದು. ಅಕ್ಕ ನಗುತ್ತಿದ್ದಳು.

ಉಪಾಯ ಎಂದರೆ ನಾನು. ಊರಲ್ಲಿ ಯಾರನ್ನಾದರೂ ಕೇಳಿರಿ. ಒಂದು ಸಂಜೆ ನಾನೇ ಶಾಲು ಹೊದ್ದು, ವಿಭೂತಿ ಬಳಿದುಕೊಂಡು, ಆ ಕಟ್ಟೆಯ ಮೇಲೆ ಹೋಗಿ ಕುಳಿತೆ. ಅಕ್ಕ ಬಂದು ನನ್ನ ಕೈಗೆ ಹಾರ ಕೊಟ್ಟರೆ ಸಾಕು, ಕಥೆ ಮುಗಿಸುತ್ತೇನೆ ಎಂದುಕೊಂಡಿದ್ದೆ. ಬಂದಳು, ನೋಡಿದಳು.

"ಏಳೋ ಹೊಳಬಸಾ. ಹಾರಾ ಹಾಕಾಕ ನೀ ಏನ್ ಸತ್ತೀಯೇನು? ಅವನ ಜಾಗಾ ಬಿಡು, ಅಂವ ನಿಂತಾನ."

"ಎಲ್ಲಿ ನಿಂತಾನ ಯಕ್ಕಾ?"

"ನಿನ್ನ ಹಿಂದ."

ನಾನು ತಿರುಗಿ ನೋಡಲಿಲ್ಲ. ಎದ್ದೆ. ಹಾಡಿಯಾದರೂ ಬಿಡೋಣ ಎಂದು ಮಂಗಳ ಎತ್ತಿದೆ, ಅವಳು ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. "ಖಾಲಿ ಕಟ್ಟೆಗೆ ಮಂಗಳ ಇಲ್ಲ," ಎಂದಳು. ಮಂಗನ ಕೈಯಿಂದ ಬಾಳೆಹಣ್ಣು ಬಿಡಿಸಿದ ಈ ದನಿ ನನ್ನ ಅಕ್ಕನ ಕೈಯನ್ನು ಬಿಡಿಸಲಾರದೆ ಹೋಯಿತು. ಬೇಸಿಗೆಯ ಬಾಗಲಕೋಟೆಯಲ್ಲಿ ಹಗಲು ಕಾದ ಕಲ್ಲು ಮಧ್ಯರಾತ್ರಿಯವರೆಗೂ ಸುಡುತ್ತದೆ. ಆ ಕಟ್ಟೆ ತಣ್ಣಗಿತ್ತು. ಇದನ್ನು ತಾವೊಬ್ಬರು ನಂಬಬೇಕು, ಅಲ್ಲಿ ಕುಳಿತು ಎದ್ದ ಇನ್ನೊಬ್ಬರು ಈ ಜಿಲ್ಲೆಯಲ್ಲಿ ತಾವೇ.

ಆಮೇಲೆ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟರು.

"ಏನ್ ಕೆಲಸ ಕಾಕಾ?"

"ಸಾಹೇಬ್ರು ಒಮ್ಮಿ ಬಂದು ಹೆಣಾ ಆಗಿ ಕೂಡಬೇಕಾಗಿತ್ತರಿ."

ಅವರು ಕುರ್ಚಿ ವಾಪಸು ತೆಗೆದುಕೊಂಡರು. ಜೀವಬೆದರಿಕೆ ಎಂದು ಪೊಲೀಸರಿಗೆ ಹೇಳುವುದಾಗಿ ಹೆದರಿಸಿದರು. ನನ್ನ ಮಾತಿನಲ್ಲಿ ವಿನಯದ ಕೊರತೆ ಎಲ್ಲಿತ್ತು ಎಂದು ನನಗಿನ್ನೂ ತಿಳಿದಿಲ್ಲ. 'ಕೂಡಬೇಕಾಗಿತ್ತರಿ' ಎಂದಿದ್ದೆ, 'ರಿ' ಸಹ ಹಚ್ಚಿದ್ದೆ. ಅದಕ್ಕಾಗಿಯೇ ಈ ಬಹಿರಂಗ ಪತ್ರ.

ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ತಮ್ಮ ಡ್ರೈವರ್ ಅಯೂಬ ನನ್ನನ್ನು ತಡೆದ. ಅವನ ಮೇಲೆ ತಾವು ಸಿಟ್ಟಾಗಬಾರದು, ನನ್ನ ಬಾಯಿಯ ಸಲುಗೆಗೆ ಸಿಕ್ಕಿಬಿದ್ದ ಮನುಷ್ಯ ಅವನು.

"ಕಾಕಾ, ಆ ಆಯಿ ನಿಮಗ ಏನಾಗಬೇಕು?"

"ಅಕ್ಕ."

"ಸಾಹೇಬ್ರು ದಿನಾ ಕೇಳತಾರ್ರಿ, 'ಅಯೂಬ, ಶ್ರೀಶೈಲ ಅಂದ್ರ ಯಾರು?' ಅಂತ. ಕಾರಿನಾಗ ಕುಂತ ಕೂಡ್ಲೆ ಕಾಲುಚೀಲಾ ಮುಟ್ಟಿ ನೋಡಕೊತಾರ. ಒಣಾ ಇರತಾವ. ಆದ್ರೂ ಹಸಿ ಹತ್ತತಾವಂತ ಅವರಿಗೆ."

ಇದು ಸುಳ್ಳಾದರೆ ಪತ್ರಿಕೆಗೆ ಬರೆದು ತಿಳಿಸಿರಿ, ನಾನು ತಲೆ ಬೋಳಿಸಿಕೊಳ್ಳುತ್ತೇನೆ. ನಿಜವಾದರೆ ಮುಂದೆ ಓದಿರಿ. ಶ್ರೀಶೈಲ ಯಾರು ಎಂದು ಈಗ ಹೇಳಿದ್ದೇನೆ. ಅವನ ಹೆಸರಿಗೆ ತಾವು ಒಂದು ಸಂಜೆ ಓಗೊಟ್ಟಿದ್ದೀರಿ. ತಿಳಿಯದೆ ಓಗೊಟ್ಟಿರಿ, ಅದು ತಪ್ಪಲ್ಲ. ಆದರೆ ಕರೆಸಿಕೊಂಡವರು ನಡುವೆ ಎದ್ದು ಹೋದರೆ, ಕರೆದವರು ಎಲ್ಲಿಗೆ ಹೋಗಬೇಕು? ತಾವು ಎಷ್ಟೋ ಕಾರ್ಯಕ್ರಮಗಳಿಗೆ ಹೋಗುತ್ತೀರಿ. ರಿಬ್ಬನ್ನು ಕತ್ತರಿಸುತ್ತೀರಿ, ದೀಪ ಹಚ್ಚುತ್ತೀರಿ. ಹಚ್ಚಿದ ದೀಪವನ್ನು ಯಾರು ಆರಿಸುತ್ತಾರೆ ಎಂದು ಒಮ್ಮೆಯಾದರೂ ಹಿಂತಿರುಗಿ ಕೇಳಿದ್ದೀರಾ?

ಆದ್ದರಿಂದ ನನ್ನ ಬೇಡಿಕೆ. ಮೇಲಿನ ಸೀಮೆಯಲ್ಲಿ ಮಳೆ ಹಿಡಿದು ಹಿನ್ನೀರು ಚಾವಡಿಯನ್ನು ಮುಟ್ಟುವ ಮೊದಲು ತಾವು ಒಂದು ಸಂಜೆ ಬರಬೇಕು. ಬ್ಯಾನರು ಬೇಡ, ಫೋಟೊದವರು ಬೇಡ, ಅಯೂಬ ಒಬ್ಬ ಸಾಕು. ಅದೇ ಶಾಲು ಹೊದ್ದು ಅದೇ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತುಕೊಳ್ಳಬೇಕು. ಅಕ್ಕ ತನ್ನ ಕೊರಳಿನ ಹಾರ ತೆಗೆದು ತಮಗೆ ಹಾಕುತ್ತಾಳೆ. ಹಾಕುವ ಹಾಗೆ ಕೇಳಬೇಕಾದವರು ತಾವು. "ಯವ್ವಾ, ನನ್ನ ಹಾರಾ ನನಗ ಕೊಡು, ನಾ ಒಬ್ಬನ ಹೋಗತೇನಿ," ಎಂದು ಇಷ್ಟೇ ಹೇಳಬೇಕು. ನಮ್ಮ ಕಡೆಯ ಮಾತು ತಮಗೆ ಬಾಯಿಗೆ ಬರದಿದ್ದರೆ ನಾನು ಕಲಿಸುತ್ತೇನೆ, ಗಿಳಿಗೆ ಕಲಿಸಿದವನು ನಾನು. ಅವಳು ಅತ್ತರೆ ಅಳಲಿ. ತಾವು ಅಲ್ಲಾಡಬಾರದು, ನಗಬಾರದು. ಮಂಗಳ ನಾನು ಹಾಡುತ್ತೇನೆ. ಮುಗಿದ ಮೇಲೆ ತಾವಾಗಿ ಏಳಕೂಡದು. ನಾವು ನಾಲ್ಕು ಜನ ತಮ್ಮನ್ನು ಕುಳಿತ ಹಾಗೆಯೇ ಎತ್ತಿಕೊಂಡು ಹೊಳೆಯ ಕಡೆಯ ಬಾಗಿಲಿನಿಂದ ಹೊರಗೆ ಒಯ್ಯುತ್ತೇವೆ. ಕಮಾನು ದಾಟಿದ ಮೇಲೆ ಇಳಿಸುತ್ತೇವೆ. ಅಲ್ಲಿ ಕಾರು ನಿಂತಿರಲಿ. ಹಾರವನ್ನು ನೀರಿಗೆ ಬಿಟ್ಟು, ಹಿಂದೆ ನೋಡದೆ ಮನೆಗೆ ಹೋಗಿ, ಸ್ನಾನ ಮಾಡಿ, ಚಹಾ ಕುಡಿಯಿರಿ. ಕಾಲುಚೀಲ ಒಣಗುತ್ತದೆ.

ಬದುಕಿರುವವರನ್ನು ಹೆಣವಾಗಿ ಕರೆಯುವುದು ಅಶುಭ ಎಂದು ತಮ್ಮ ಮನೆಯಲ್ಲಿ ಹೇಳಬಹುದು. ಖರೆ, ಅಶುಭವೇ. ಅದಕ್ಕೆ ನಾನು ಬೇರೆ ಮಾತು ಹುಡುಕಿ ಸೋತಿದ್ದೇನೆ. ಆದರೆ ತಾಯಿಯೊಬ್ಬಳು ಮಗನಿಗೆ ಬಾಯಿಬಿಟ್ಟು 'ಹೋಗು' ಎನ್ನಲು ಇಷ್ಟು ವರ್ಷ ಕಾದಿದ್ದಾಳೆ. ಆ ಮಾತನ್ನು ಯಾರಿಗೆ ಹೇಳಬೇಕು? ನೀರಿಗೆ ಹೇಳಿದರೆ ನೀರು ಅವಳನ್ನೇ ಬೇಡುತ್ತದೆ. ನನಗೆ ಹೇಳಲಾರಳು, ನಾನು ಅವಳ ತಮ್ಮ. ತಮಗೆ ಹೇಳುತ್ತಾಳೆ. ಕೇಳಿಸಿಕೊಳ್ಳಲು ಒಂದು ಮುಖ ಬೇಕು, ಅಷ್ಟೇ. ಆ ಮುಖ ತಮ್ಮದಾಗಿ ಹೋಗಿದೆ.

ಇಂತಿ,
ಹೆಗಲಿನ ಮೇಲಿನ ಟವೆಲು ಕೊಡವಿ ತಮಗಾಗಿ ಜಾಗ ಮಾಡಿಟ್ಟುಕೊಂಡಿರುವ,
ದನಿ ಇದ್ದೂ ಹಾಡಲಾಗದ,
ಗುರುಲಿಂಗವ್ವನ ತಮ್ಮ ಹೊಳಬಸಪ್ಪ
ನವನಗರ, ಬಾಗಲಕೋಟೆ